ಅಡಕೆಯ ಕೊಳೆರೋಗವೂ ಹಿಂದಿನವರ ಶೋಧನೆಗಳೂ



ಮಲೆನಾಡಿನ ಅಡಕೆ ತೋಟಗಳಲ್ಲಿ ಕೊಳೆರೋಗದ ಮಾತು ಬಂದಾಗಲೆಲ್ಲಾ ಹಿರಿಯರು ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: “ಕೊಳೆಯು ಮಳೆಯಿಂದ ಬರತಕ್ಕದ್ದು, ಮಳೆಗೆ ಮದ್ದುಂಟೇ?” ಈ ಪ್ರಶ್ನೆಯನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಯೂರೋಪಿನ ಪಂಡಿತರು ಸಹ ಒಂದು ಕಾಲದಲ್ಲಿ ಹೀಗೆಯೇ ಭಾವಿಸಿದ್ದರು. ಇದಕ್ಕೆ ಉತ್ತರವು ದೊರೆತ ಬಗೆಯನ್ನು ತಿಳಿದರೆ, ಗೊನೆಗಳಿಗೆ ಔಷಧಿಯನ್ನು ಏಕೆ ಮತ್ತು ಯಾವಾಗ ಹೊಡೆಯಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುವುದು.

1807ರಲ್ಲಿ ಫ್ರಾನ್ಸ್ ದೇಶದಲ್ಲಿ ಪ್ರೆವೋ ಎಂಬವರು ಗೋಧಿಯ ಕಾಡಿಗೆ ರೋಗವನ್ನು ಪರೀಕ್ಷಿಸಿದರು. ತೆನೆಯಲ್ಲಿ ಕಾಣುವ ಕಪ್ಪು ಪುಡಿಯು ಒಂದು ಬಗೆಯ ಬೂಷ್ಟಿನ ಬೀಜಾಣುಗಳೆಂದೂ, ಅವು ನೀರಿನಲ್ಲಿ ಮೊಳೆಯುವುವೆಂದೂ, ನೀರಿನಲ್ಲಿ ಅತ್ಯಲ್ಪವಾಗಿ ತಾಮ್ರದ ಅಂಶವಿದ್ದರೆ ಆ ಮೊಳಕೆಗೆ ತಡೆಯುಂಟಾಗುವುದೆಂದೂ ಅವರು ಪ್ರಕಟಿಸಿದರು. ಆ ಕಾಲದ ವಿದ್ವಾಂಸರು ಇದನ್ನು ಮನ್ನಿಸಲಿಲ್ಲ.

1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಯು ಕೊಳೆಯತೊಡಗಿತು. ಅದರಿಂದುಂಟಾದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಮೃತಪಟ್ಟರು. ಶೀತದಿಂದಲೂ ಮಳೆಯಿಂದಲೂ ಗಿಡವು ಮೊದಲು ಕೊಳೆಯುವುದು, ಕೊಳೆತುದರ ಮೇಲೆ ಬೂಷ್ಟು ಹುಟ್ಟುವುದು ಎಂದು ಬಹುಮಂದಿ ಪಂಡಿತರು ಹೇಳಿದರು. ಇಂಗ್ಲೆಂಡಿನ ಬರ್ಕ್ಲಿ ಎಂಬ ಪಾದ್ರಿಗಳು ಮಾತ್ರ, ಬೂಷ್ಟೇ ಕಾರಣ, ಕೊಳೆಯುವುದು ಅದರ ಫಲವೆಂದು 1846ರಲ್ಲಿ ವಾದಿಸಿದರು. ಆದರೆ ವಾದವು ಪ್ರಮಾಣವಾಗಲಾರದು. ಜರ್ಮನಿಯ ಡಿ ಬಾರಿಯವರು ಆ ಬೂಷ್ಟಿನ ಬೀಜಾಣುಗಳನ್ನು ಆರೋಗ್ಯವಾದ ಗಿಡಗಳಿಗೆ ಸೋಂಕಿಸಿ, ಅವುಗಳಿಂದಲೇ ರೋಗವು ಹುಟ್ಟುವುದೆಂದು 1861ರಲ್ಲಿ ಸ್ಥಾಪಿಸಿದರು. 1876ರಲ್ಲಿ ಅವರು ಅದರ ಕುಲಕ್ಕೆ ‘ಫೈಟಾಫ್ತೊರ’, ಎಂದರೆ ಗಿಡವನ್ನು ನಾಶಮಾಡತಕ್ಕದ್ದು, ಎಂಬ ಹೆಸರನ್ನಿಟ್ಟರು.

ರೋಗದ ಕಾರಣವು ಹೀಗೆ ತಿಳಿಯಿತು. ಮದ್ದು ಬೇರೊಂದು ದಾರಿಯಿಂದ ಬಂದಿತು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕೀಳದಿರಲೆಂದು ರೈತರು ದಾರಿಯ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಎರಚುತ್ತಿದ್ದರು. ಆ ಬಳ್ಳಿಗಳಲ್ಲಿ ಮಾತ್ರ ಎಲೆಗಳು ಬೂಷ್ಟು ರೋಗದಿಂದ ಉದುರದೆ ಉಳಿದಿರುವುದನ್ನು 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಕಂಡರು. ಬೂಷ್ಟೇ ರೋಗಕಾರಣವೆಂಬುದನ್ನು ಅರಿತಿದ್ದುದರಿಂದಲೇ ಆ ನೋಟದ ಅರ್ಥವು ಅವರಿಗೆ ಹೊಳೆಯಿತು. ಪ್ರಯೋಗಗಳನ್ನು ನಡೆಯಿಸಿ 1885ರಲ್ಲಿ ಅವರು ಪ್ರಕಟಿಸಿದ ಮಿಶ್ರಣವೇ ಬೋರ್ಡೋ ದ್ರಾವಣ.

1908ರಲ್ಲಿ ಕೆನಡಾ ದೇಶದ ಡಾಕ್ಟರ್ ಕೋಲ್ಮನ್‌ರವರು ಆಗಿನ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಕೊಳೆತ ಅಡಕೆಯನ್ನು ಪರೀಕ್ಷಿಸಿದಾಗ ಅವರಿಗೆ ಕಂಡುದು ಡಿ ಬಾರಿಯವರು ಹೆಸರಿಟ್ಟ ಕುಲಕ್ಕೇ ಸೇರಿದ ಜೀವಿ. ಆದುದರಿಂದ ಮದ್ದನ್ನು ಮೊದಲಿನಿಂದ ಹುಡುಕಬೇಕಾಗಲಿಲ್ಲ. 1910ರಲ್ಲಿ ಅವರು ಈ ವಿಷಯವನ್ನು ಪ್ರಕಟಿಸಿದರು. ಡಿ ಬಾರಿಯವರು ವರ್ಣಿಸಿದ್ದ ಒಂದು ಜಾತಿಯ ಪ್ರಭೇದವೆಂದು ಅವರು ಅದನ್ನು ಎಣಿಸಿದ್ದರು. 1913ರಲ್ಲಿ ಮತ್ತೊಬ್ಬ ಪಂಡಿತರು ಅದನ್ನು ಬೇರೆ ಜಾತಿಯೆಂದರು. ಈ ಕುಲವು ನಿಜವಾದ ಶಿಲೀಂಧ್ರಗಳ ವರ್ಗಕ್ಕೇ ಸೇರತಕ್ಕದ್ದಲ್ಲವೆಂಬುದು ಇಂದಿನ ನಿರ್ಣಯ. ಹೀಗೆ ಹಿಂದಿನವರ ಮಾತನ್ನು ಮುಂದಿನವರು ತಿದ್ದುವರು; ಆದರೆ ತಿದ್ದುವುದಕ್ಕೂ ಹಿಂದಿನವರು ಹಾಕಿದ ತಳಹದಿಯೇ ಆಧಾರ.

ನಮ್ಮ ಹಿರಿಯರ ಮಾತೂ ಸುಳ್ಳಲ್ಲ. ಈ ಜೀವಿಯ ಬೀಜಾಣುಗಳು ಮಳೆಯ ನೀರಿನಲ್ಲಿ ಈಜಿ, ಹನಿಗಳ ಸಿಡಿತದಿಂದ ಗೊನೆಯಿಂದ ಗೊನೆಗೆ ಹರಡುವುವು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದ ಪೂರ್ವಿಕರು, ಕಾರಣವನ್ನು ಕಾಣದೆಯೂ ಸರಿಯಾದ ಉಪಾಯವನ್ನೇ ಕಂಡಿದ್ದರು. ಮಳೆಗೆ ಮದ್ದಿಲ್ಲ, ಮಳೆಯಲ್ಲಿ ಹರಡುವ ರೋಗಕ್ಕೆ ಮದ್ದುಂಟು.

ತಾಮ್ರವು ಬೀಜಾಣುವು ಮೊಳೆಯದಂತೆ ತಡೆಯುವುದೇ ಹೊರತು ಕೊಳೆತ ಕಾಯನ್ನು ಗುಣಪಡಿಸಲಾರದು. ಆದುದರಿಂದ ರೋಹಿಣಿ ಮಳೆಯ ಕಾಲದಲ್ಲಿಯೇ, ಮುಂಗಾರು ಬಲಿಯುವುದಕ್ಕೆ ಮುಂಚೆ, ಮೊದಲ ಸಲ ಹೊಡೆಯಬೇಕು. 40-45 ದಿನಗಳ ತರುವಾಯ ಎರಡನೆಯ ಸಲ. 1 ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ, 1 ಕಿಲೋ ಒಳ್ಳೆಯ ಸುಣ್ಣವನ್ನು 50 ಲೀಟರು ನೀರಿನಲ್ಲಿಯೂ ಬೇರೆಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಸುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆಯು ಕೂಡದು. ಉಜ್ಜಿದ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಬಣ್ಣವು ಹತ್ತಿದರೆ ಸುಣ್ಣವು ಸಾಲದೆಂದು ತಿಳಿಯಬೇಕು. ಕಲಸಿದ ದಿನವೇ ಅದನ್ನು ಉಪಯೋಗಿಸಿ ಮುಗಿಸಬೇಕು. ಉದುರಿದ ಕೊಳೆಕಾಯಿಗಳನ್ನು ಆರಿಸಿ ಸುಡಬೇಕು.

ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ. ಔಷಧಿ ಕಾಣದ ಒಂದು ತೋಟವು ಸುತ್ತಣ ತೋಟಗಳಿಗೆಲ್ಲಾ ರೋಗದ ತವರಾಗುವುದು. ಕೊನೆಗೌಡರ ಕೂಲಿಯನ್ನು ತೆರಲಾರದ ಬಡ ಹಿಡುವಳಿದಾರನ ತೋಟಕ್ಕೂ ಊರೊಟ್ಟಿನಲ್ಲಿ ಔಷಧಿ ಹೊಡೆಯಿಸುವುದು ಧರ್ಮವೂ ಹೌದು, ಲಾಭವೂ ಹೌದು. ಯಾವ ಗೊನೆಯಲ್ಲಿ, ಯಾವ ಮಳೆಯಲ್ಲಿ ಕೊಳೆಯು ಮೊದಲು ಕಂಡಿತೆಂಬುದನ್ನು ವರ್ಷವರ್ಷವೂ ಬರೆದಿಡಿರಿ. ದಾರಿಯ ಬದಿಯ ನಾಲ್ಕು ಬಳ್ಳಿಗಳನ್ನು ಗಮನಿಸಿ ನೋಡಿದುದರಿಂದಲೇ ಇಂದು ನಮ್ಮ ತೋಟಗಳಿಗೆ ಮದ್ದು ದೊರೆತಿರುವುದು. ನಿಮ್ಮ ನೋಟವೂ ಮುಂದಿನವರಿಗೆ ಆಧಾರವಾಗಬಹುದು.