ಮನೆಗೂ ಬೀದಿಗೂ ನಡುವೆ ಒಂದು ಅಂಗಳ

ಬಡವರಿಗೆ ವಸತಿ ಅಂದ ಕೂಡಲೇ ಸರ್ಕಾರಗಳು ಹಾಕೋ ಲೆಕ್ಕ ಒಂದೇ: ಎಷ್ಟು ಫ್ಲ್ಯಾಟ್, ಎಷ್ಟು ಮಹಡಿ? ಬಾಗಿಲಾಚೆ ಏನಿರಬೇಕು ಅನ್ನೋದು ಚರ್ಚೆಗೇ ಬರಲ್ಲ.

ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ನವಿ ಮುಂಬೈನ ಬೇಲಾಪುರದಲ್ಲಿ ರೂಪಿಸಿದ ಬಡಾವಣೆ ಶುರುವಾಗೋದೇ ಅಲ್ಲಿಂದ. ಸುಮಾರು 8 ಮೀಟರ್ ಉದ್ದಗಲದ ಅಂಗಳ, ಅದರ ಸುತ್ತ 7 ಮನೆ. ಅಂಥ 3 ಗುಂಪು ಸೇರಿ 21 ಮನೆಗಳಾದರೆ, ಅವಕ್ಕೆ ಇನ್ನೂ ದೊಡ್ಡದೊಂದು ಅಂಗಳ.

ಲಾಭ ಏನು? 7 ಮನೆಯವರಿಗೆ ಪರಸ್ಪರ ಗುರುತಿರುತ್ತೆ, ಆಡೋ ಮಕ್ಕಳ ಮೇಲೆ ಎಲ್ಲರ ಕಣ್ಣಿರುತ್ತೆ. ಬೇಡ ಅನ್ನಿಸಿದರೆ ಒಳಗೆ ಹೋಗಿ ಕದ ಹಾಕ್ಕೋಬಹುದು. ಸಾಲು ಬಾಗಿಲುಗಳ ಕಾರಿಡಾರ್‌ನಲ್ಲಿ ಈ ಎರಡೂ ಕಷ್ಟ.

ಇನ್ನೊಂದು ಮುಖ್ಯ ವಿಷಯ: ಇಲ್ಲಿ ಪ್ರತಿ ಮನೆಯೂ ಸ್ವಂತ ನಿವೇಶನದಲ್ಲಿದೆ. ಕೈಯಲ್ಲಿ ದುಡ್ಡಾದಾಗ ಕೋಣೆ ಸೇರಿಸಬಹುದು, ಅದಕ್ಕೆ ಸ್ಥಳೀಯ ಮೇಸ್ತ್ರಿ ಸಾಕು. ಲಿಫ್ಟ್ ಇಲ್ಲ, ಅದರ ಕರೆಂಟ್ ಬಿಲ್ಲೂ ಇಲ್ಲ. ಸುಸ್ಥಿರತೆ ಅಂದರೆ ಇದೂ ಹೌದು. ವರಮಾನ ಬೇರೆ ಬೇರೆಯಾದರೂ ನಿವೇಶನಗಳು 45ರಿಂದ 75 ಚದರ ಮೀಟರ್ ಒಳಗೇ ಇವೆ. ಅಂದರೆ ಬಡವರ ಪಾಲಿನ ನೆಲಕ್ಕೆ ವಿಪರೀತ ಕತ್ತರಿ ಬಿದ್ದಿಲ್ಲ.

ಹಾಗಂತ ಎಲ್ಲವೂ ಅಂದುಕೊಂಡಂತೆ ಉಳಿದಿಲ್ಲ. ಕಾಲಕ್ರಮೇಣ ಎಷ್ಟೋ ಹಳೇ ಮನೆಗಳನ್ನು ಕೆಡವಿ ದೊಡ್ಡ ಮನೆ ಕಟ್ಟಿದ್ದಾರೆ. ನಕ್ಷೆ ಅಂಗಳವನ್ನು ಕೊಡಬಹುದು. ಅದನ್ನು ಕಾಯೋಕೆ ನಿಯಮವೂ ನಿವಾಸಿಗಳ ಒಗ್ಗಟ್ಟೂ ಬೇಕು.

ನಿಮ್ಮೂರಲ್ಲಿ ವಸತಿ ಯೋಜನೆ ಘೋಷಣೆಯಾದರೆ ಮನೆ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಹೊರಗಿನ ಜಾಗವನ್ನು ಎಷ್ಟು ಮನೆಗಳು ಹಂಚಿಕೊಳ್ಳುತ್ತವೆ, ನಾಳೆ ಕೋಣೆ ಸೇರಿಸೋಕೆ ಅವಕಾಶ ಇದೆಯಾ ಅಂತಲೂ ಕೇಳಿ.