ಹೃದಯದ ಕುರಿತು ಕೆಲವು ತಪ್ಪು ಕಲ್ಪನೆಗಳು

ಹೃದಯವು ಎದೆಯ ಎಡಭಾಗದಲ್ಲಿದೆಯೆಂಬ ನಂಬಿಕೆ ನಮ್ಮ ಜನರಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಗಾಬರಿಗೊಂಡವನ ಕೈ ತಾನಾಗಿಯೇ ಎಡಕ್ಕೆ ಹೋಗುತ್ತದೆ. ವಾಸ್ತವವಾಗಿ ಹೃದಯವು ಎರಡು ಶ್ವಾಸಕೋಶಗಳ ನಡುವೆ, ಎದೆಮೂಳೆಯ ಹಿಂದೆ, ವಪೆಯ ಮೇಲೆ ಓರೆಯಾಗಿ ಒರಗಿಕೊಂಡಿದೆ. ಅದರ ಸುಮಾರು ಮೂರರಲ್ಲಿ ಎರಡು ಪಾಲು ಮಧ್ಯರೇಖೆಯಿಂದ ಎಡಕ್ಕೆ ಚಾಚಿರುವುದರಿಂದಲೂ, ತುದಿಯ ಬಡಿತ ಎಡಗಡೆಯ ಐದನೆಯ ಪಕ್ಕೆಲುಬಿನ ಕೆಳಗಣ ಎಡೆಯಲ್ಲಿ ಬೆರಳಿಗೆ ಸಿಕ್ಕುವುದರಿಂದಲೂ ಈ ಭ್ರಮೆ ಹುಟ್ಟಿಕೊಂಡಿದೆ. ಇದು ನಿರಪಾಯಕರವಾದ ತಪ್ಪೆಂದು ತೋರಬಹುದು. ಆದರೆ ಹೃದಯ ಸ್ತಂಭಿಸಿದವನ ಎದೆಯನ್ನು ಒತ್ತಬೇಕಾದ ಗಳಿಗೆಯಲ್ಲಿ, ಈ ಕಲ್ಪನೆಯನ್ನು ನೆಚ್ಚಿದ ಕೈ ಎಡಪಕ್ಕೆಯ ಮೇಲೆ ಊರಿದರೆ, ಪಕ್ಕೆಲುಬು ಮುರಿದೀತೇ ಹೊರತು ಮಿದುಳಿಗೆ ಬೇಕಾದಷ್ಟು ರಕ್ತ ತಲಪದು. ಅಂಗೈಯ ಬುಡ ಊರಬೇಕಾದದ್ದು ಎದೆಮೂಳೆಯ ಕೆಳ ಅರ್ಧದ ಮೇಲೆ. ಒತ್ತಬೇಕಾದದ್ದು ವಯಸ್ಕರಲ್ಲಿ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ. ಶುಶ್ರೂಷಾ ವಿದ್ಯಾರ್ಥಿಗಳ ಪಾಲಿಗೆ ಅಂಗರಚನೆಯ ಪಾಠವು ಕೈಯ ಪಾಠವೂ ಹೌದೆಂದು ನಾನು ಒತ್ತಿ ಹೇಳುವುದು ಈ ಕಾರಣದಿಂದಲೇ.

ಸಿರೆಗಳ ರಕ್ತ ನೀಲಿಯೆಂಬ ನಂಬಿಕೆಯನ್ನು ಬಹಳವಾಗಿ ಚರ್ಚಿಸಬೇಕಾಗಿಲ್ಲ. ಮೊದಲ ಬಾರಿ ಸಿರಿಂಜಿಗೆ ರಕ್ತ ಎಳೆದಾಗಲೇ ಅದು ಕಡುಗೆಂಪೆಂದು ಕಣ್ಣಾರೆ ಕಾಣುತ್ತದೆ. ಶಾಲೆಯಲ್ಲಿ ‘ಅಶುದ್ಧ’ವೆಂದು ಕಲಿತ ಆ ರಕ್ತದಲ್ಲಿಯೂ, ವಿಶ್ರಾಂತಿಯಲ್ಲಿರುವ ಆರೋಗ್ಯವಂತನಲ್ಲಿ, ಹೀಮೋಗ್ಲೋಬಿನ್ನಿನ ಸುಮಾರು ಮುಕ್ಕಾಲು ಪಾಲು ಇನ್ನೂ ಆಮ್ಲಜನಕವನ್ನು ಹೊತ್ತಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದಿದೆ: ಸದಾ ರಕ್ತದಿಂದ ತುಂಬಿರುವ ಹೃದಯಕ್ಕೆ ರಕ್ತದ ಕೊರತೆ ಎಂತು ಬಂದೀತು ಎಂಬುದು. ಹೃತ್ಕುಕ್ಷಿಯ ದಪ್ಪ ಗೋಡೆ ತನ್ನೊಳಗೆ ಹಾಯುವ ರಕ್ತದಿಂದ ಪೋಷಣೆ ಪಡೆಯಲಾರದು. ಮಹಾಧಮನಿಯ ಬುಡದಲ್ಲಿ ಹುಟ್ಟುವ ಕರೋನರಿ ಧಮನಿಗಳೇ ಅದಕ್ಕೆ ಆಧಾರ. ಎಡ ಹೃತ್ಕುಕ್ಷಿ ಸಂಕುಚಿಸುವಾಗ ತನ್ನ ಗೋಡೆಯೊಳಗಿನ ನಾಳಗಳನ್ನು ತಾನೇ ಹಿಂಡುವುದರಿಂದ, ಅದಕ್ಕೆ ರಕ್ತ ಬಹುಪಾಲು ಒದಗುವುದು ಸಡಿಲಗೊಂಡ ವಿರಾಮದಲ್ಲಿ. ಬಡಿತದ ವೇಗ ಹೆಚ್ಚಿದಂತೆ ಮುಖ್ಯವಾಗಿ ಮೊಟಕಾಗುವುದು ಈ ವಿರಾಮವೇ. ಆದಕಾರಣ ಕರೋನರಿ ರೋಗಿಯ ನಾಡಿ 130ಕ್ಕೆ ಏರಿದುದನ್ನು ಚಾರ್ಟಿನಲ್ಲಿ ಬರೆದಿಟ್ಟು ಸುಮ್ಮನಾಗುವುದು ಸಲ್ಲದು. ಹೃದಯದ ದುಡಿಮೆ ಹೆಚ್ಚುತ್ತಿರುವ ಹೊತ್ತಿಗೇ ಅದರ ಆಹಾರ ಕಡಿಮೆಯಾಗುತ್ತಿದೆಯೆಂದು ತಿಳಿದು ವೈದ್ಯರನ್ನು ಕರೆಯಬೇಕು.

ಹೃದಯಾಘಾತವೂ ಹೃದಯಸ್ತಂಭನವೂ ಒಂದೇ ಎಂಬ ತಿಳಿವಳಿಕೆ ಓದಿದವರಲ್ಲಿಯೂ ಇದೆ. ಹೃದಯಾಘಾತದಲ್ಲಿ ಸಾಮಾನ್ಯವಾಗಿ ಕರೋನರಿ ಧಮನಿಯೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿ, ಅದನ್ನು ನಂಬಿದ ಸ್ನಾಯು ಸಾಯತೊಡಗುತ್ತದೆ. ರೋಗಿ ಮಾತನಾಡುತ್ತ, ತಾನೇ ನಡೆದು ಆಸ್ಪತ್ರೆಗೆ ಬಂದಾನು. ಸ್ತಂಭನದಲ್ಲಾದರೋ ರಕ್ತವನ್ನು ದೂಡುವ ಕೆಲಸವೇ ನಿಂತು, ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಮಾನಿಟರಿನ ಗೆರೆ ಸಪಾಟಾದೊಡನೆ ಶಾಕ್ ಕೊಟ್ಟು ಬದುಕಿಸುವ ಸಿನಿಮಾ ದೃಶ್ಯವನ್ನೂ ಮರೆಯುವುದು ಲೇಸು. ಶಾಕಿನ ಉದ್ದೇಶ ಹೃತ್ಕುಕ್ಷಿಯ ಅಸ್ತವ್ಯಸ್ತ ಕಂಪನವನ್ನು ಅಡಗಿಸಿ, ಹೃದಯದ ಸ್ವಂತ ಲಯಕ್ಕೆ ಎಡೆಮಾಡಿಕೊಡುವುದು; ಸಪಾಟಾದ ಗೆರೆಯಲ್ಲಿ ಅಡಗಿಸುವುದಕ್ಕೆ ಕಂಪನವೇ ಇಲ್ಲ. ಅಲ್ಲಿ ಬೇಕಾದದ್ದು ಎಡೆಬಿಡದ ಎದೆಯೊತ್ತುವಿಕೆ ಮತ್ತು ಅಡ್ರಿನಲಿನ್.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಳವಳಗೊಳಿಸುವುದು ‘ಗ್ಯಾಸ್ಟ್ರಿಕ್’ ಎಂಬ ನಂಬಿಕೆ. ಹೃದಯದ ನೋವೆಂದರೆ ಎದೆಯನ್ನು ಹಿಡಿದು ನೆಲಕ್ಕುರುಳುವ ನೋವೆಂದು ಭಾವಿಸಿದವರು, ಮೇಲುಹೊಟ್ಟೆಯ ಸಂಕಟಕ್ಕೆ ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು, ತೇಗು ಬಂದೀತೆಂದು ಕಾಯುತ್ತಾರೆ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ಹೆಂಗಸು, “ಎದೆನೋವೇನಿಲ್ಲ ಸಿಸ್ಟರ್, ಗ್ಯಾಸ್ಟ್ರಿಕ್ ಅಷ್ಟೇ, ಯಾಕೋ ಸುಸ್ತು” ಎನ್ನುತ್ತಾಳೆ. ಅಷ್ಟರಲ್ಲಿ ಆಕೆಯ ರವಿಕೆಯ ಬೆನ್ನು ತಣ್ಣನೆಯ ಬೆವರಿನಿಂದ ಒದ್ದೆಯಾಗಿದೆ, ಕೈ ಮತ್ತೆ ಮತ್ತೆ ದವಡೆಯನ್ನು ಒತ್ತಿಕೊಳ್ಳುತ್ತಿದೆ. ಸಕ್ಕರೆ ಕಾಯಿಲೆಯವರಲ್ಲಿ, ವೃದ್ಧರಲ್ಲಿ, ಹೆಂಗಸರಲ್ಲಿ ಹೃದಯಾಘಾತವು ಎದೆನೋವಿಲ್ಲದೆ ಬರುವ ಸಂಭವ ಹೆಚ್ಚು. ಮೊದಲ ಇ.ಸಿ.ಜಿ. ಸರಿಯಾಗಿದ್ದ ಮಾತ್ರಕ್ಕೆ ಅಪಾಯ ಕಳೆಯಿತೆನ್ನುವಂತಿಲ್ಲ; ರಕ್ತದಲ್ಲಿ ಟ್ರೋಪೋನಿನ್ ಏರುವುದಕ್ಕೂ ಕೆಲವು ಗಂಟೆ ಹಿಡಿಯಬಹುದು. ಇಂಥವರು ಬಾಗಿಲಿಗೆ ಬಂದಾಗ ಅಜೀರ್ಣವೆಂದು ಬರೆದು ಬೆಂಚಿನ ಮೇಲೆ ಕೂರಿಸಬೇಡಿ. ಹತ್ತು ನಿಮಿಷದೊಳಗೆ ಇ.ಸಿ.ಜಿ. ತೆಗೆಯಿರಿ, ವೈದ್ಯರ ಕೈಗೆ ಕೊಡಿ, ಸಂಕಟ ಇಳಿಯದಿದ್ದರೆ ಮತ್ತೊಮ್ಮೆ ತೆಗೆಯಿರಿ.