ಬೀದರ ಮಹಮೂದ್ ಗವಾನ್ ಮದರಸದ ವರ್ಣಾಲಂಕಾರ: ಒಂದು ಪರಿಚಯ

ಬೀದರ ನಗರದ ಚೌಬಾರಾದಿಂದ ಕೋಟೆಯ ಕಡೆಗೆ ಸಾಗುವ ರಸ್ತೆಯಲ್ಲಿ ಮಹಮೂದ್ ಗವಾನ್ ಮದರಸವು ನೆಲೆಗೊಂಡಿದೆ. ಇದರ ಮುಂಭಾಗದ ಈಶಾನ್ಯ ಮೂಲೆಯಲ್ಲಿರುವ ಸುಮಾರು 131 ಅಡಿ ಎತ್ತರದ ಮಿನಾರು ಈ ಐತಿಹಾಸಿಕ ನಗರದ ಗುರುತಾಗಿದೆ. ಮಿನಾರು ಹಾಗೂ ಮುಂಭಾಗದ ಗೋಡೆಯನ್ನು ಅಲಂಕರಿಸಿರುವ ನೀಲಿ, ಹಸಿರು, ಹಳದಿ ಮತ್ತು ಬಿಳಿ ವರ್ಣದ ಮೆರುಗಿನ ಬಿಲ್ಲೆಗಳು, ಅಂದರೆ ಟೈಲ್ಸ್‌ಗಳು, ಈ ಸ್ಮಾರಕದ ವಿಶೇಷ ಆಕರ್ಷಣೆಯಾಗಿವೆ.

ಹಿನ್ನೆಲೆ

15ನೇ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯು ಕಲಬುರಗಿಯಿಂದ ಬೀದರಿಗೆ ವರ್ಗಾವಣೆಗೊಂಡಿತು. ಮೂರನೆಯ ಮುಹಮ್ಮದ್ ಷಾನ ಪ್ರಧಾನಿಯಾಗಿದ್ದ ಮಹಮೂದ್ ಗವಾನನು ಪರ್ಷಿಯಾದ ಗಿಲಾನ್ ಪ್ರಾಂತ್ಯದಿಂದ ಬಂದವನು. ವಿದ್ವಾಂಸನೂ ದಕ್ಷ ಆಡಳಿತಗಾರನೂ ಆಗಿದ್ದ ಈತನು 1472ರಲ್ಲಿ ಮದರಸವನ್ನು ನಿರ್ಮಿಸಿದನು. ಅದೇ ವರ್ಷ ಗೋವೆಯ ಬಂದರು ಆತನ ಮುಂದಾಳತ್ವದಲ್ಲಿ ಬಹಮನಿಗಳ ವಶವಾಯಿತು. ಕೊಂಕಣ ತೀರದ ಬಂದರುಗಳ ಮೂಲಕ ಪರ್ಷಿಯಾದೊಡನೆ ನಡೆಯುತ್ತಿದ್ದ ಸಂಪರ್ಕದಿಂದ ಕುದುರೆಗಳು ಮತ್ತು ಸರಕುಗಳಷ್ಟೇ ಅಲ್ಲದೆ ವಿದ್ವಾಂಸರು, ಕುಶಲಕರ್ಮಿಗಳು ಹಾಗೂ ಕಟ್ಟಡ ಕಲೆಯ ಕಲ್ಪನೆಗಳೂ ದಖ್ಖನಿಗೆ ಬಂದವು. ಸಮುದ್ರದಿಂದ ದೂರದಲ್ಲಿರುವ ಬೀದರಿನಲ್ಲಿ ಇಂತಹ ವರ್ಣಾಲಂಕಾರ ಕಂಡುಬರಲು ಇದೇ ಕಾರಣವಾಗಿದೆ.

ವಾಸ್ತುಶೈಲಿ

ಮೂರು ಅಂತಸ್ತುಗಳ ಈ ಕಟ್ಟಡವು ಸುಮಾರು 205 ಅಡಿ ಉದ್ದ ಹಾಗೂ 180 ಅಡಿ ಅಗಲವಿದ್ದು, ನಡುವೆ ವಿಶಾಲವಾದ ಅಂಗಳವನ್ನು ಹೊಂದಿದೆ. ಮಸೀದಿ, ಗ್ರಂಥಾಲಯ, ಪಾಠದ ಸಭಾಂಗಣಗಳು ಮತ್ತು ವಿದ್ಯಾರ್ಥಿಗಳ ವಸತಿ ಕೊಠಡಿಗಳು ಇಲ್ಲಿದ್ದವು. ಸಮರ್‌ಖಂದದ ಉಲುಗ್ ಬೇಗ್ ಮದರಸ ಹಾಗೂ ಖುರಾಸಾನಿನ ಖರ್ಗಿರ್ದ್ ಮದರಸಗಳ ಶೈಲಿಯನ್ನು ಇದು ಹೋಲುತ್ತದೆ.

ಮಿನಾರಿನ ಮೈಮೇಲೆ ಬಿಲ್ಲೆಗಳನ್ನು ಅಂಕುಡೊಂಕಾದ ಪಟ್ಟೆಗಳಾಗಿ ಜೋಡಿಸಲಾಗಿದೆ. ಗೋಡೆಯ ಮೇಲ್ಭಾಗದ ಪಟ್ಟಿಕೆಯಲ್ಲಿ ಗಾಢ ವರ್ಣದ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಕುರಾನಿನ ವಚನಗಳನ್ನು ಮೂಡಿಸಲಾಗಿದೆ. ಇಲ್ಲಿ ಬರವಣಿಗೆಯೇ ಅಲಂಕಾರವಾಗಿರುವುದನ್ನು ಗಮನಿಸಬಹುದು.

ಹಾನಿ

1481ರಲ್ಲಿ ವಿರೋಧಿಗಳು ಸೃಷ್ಟಿಸಿದ ಸುಳ್ಳು ಪತ್ರವನ್ನು ನಂಬಿದ ಸುಲ್ತಾನನು ಮಹಮೂದ್ ಗವಾನನಿಗೆ ಮರಣದಂಡನೆ ವಿಧಿಸಿದನು. ಆತನ ಸಮಾಧಿಯು ಬೀದರ ಸಮೀಪದ ಗೋರನಳ್ಳಿಯಲ್ಲಿದೆ. 1657ರಲ್ಲಿ ಬೀದರವು ಔರಂಗಜೇಬನ ವಶವಾಯಿತು. ಮುಂದೆ ಮದರಸದ ಒಂದು ಭಾಗವು ಮದ್ದಿನ ಉಗ್ರಾಣವಾಗಿ ಬಳಕೆಯಾಯಿತು. 1695-96ರ ಸುಮಾರಿಗೆ ಈ ಮದ್ದು ಸ್ಫೋಟಗೊಂಡು ಮುಂಭಾಗದ ದಕ್ಷಿಣ ಪಾರ್ಶ್ವ ಹಾಗೂ ಎರಡನೆಯ ಮಿನಾರು ನಾಶವಾದವು. ಸಿಡಿಲು ಬಡಿದುದೇ ಇದಕ್ಕೆ ಕಾರಣವೆಂಬ ಹೇಳಿಕೆಯೂ ಇದೆ. ಇಂದು ಕಾಣುವ ಒಂಟಿ ಮಿನಾರು ಜೋಡಿ ಮಿನಾರುಗಳ ಪೈಕಿ ಉಳಿದುದಾಗಿದೆ.

ಉಳಿದ ಭಾಗದಲ್ಲಿಯೂ ಬಹುಪಾಲು ಬಿಲ್ಲೆಗಳು ಕಾಲಕ್ರಮೇಣ ಉದುರಿಹೋಗಿವೆ. ಬಿಲ್ಲೆಯ ಮೇಲಿನ ಮೆರುಗು ಗಾಜಿನಂತಹ ತೆಳುವಾದ ಪದರವಾಗಿದ್ದು, ಬಿಲ್ಲೆಯನ್ನು ಸುಣ್ಣದ ಗಾರೆಯು ಗೋಡೆಗೆ ಹಿಡಿದಿರುತ್ತದೆ. ಗೋಡೆಯೊಳಗೆ ಇಳಿದ ಮಳೆನೀರು ಲವಣಗಳನ್ನು ಕರಗಿಸಿ ಹೊರತರುತ್ತದೆ. ನೀರು ಆರಿದಾಗ ಈ ಲವಣಗಳು ಹರಳುಗಟ್ಟಿ ಹಿಗ್ಗಿ, ಮೆರುಗನ್ನು ಹಾಗೂ ಬಿಲ್ಲೆಯನ್ನು ಹಿಂದಿನಿಂದ ತಳ್ಳುತ್ತವೆ. ಆದ್ದರಿಂದ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚುವುದು ಸೂಕ್ತವಲ್ಲ. ಗಟ್ಟಿಯಾದ ಸಿಮೆಂಟು ತೇವವನ್ನು ಒಳಗೇ ತಡೆಹಿಡಿದು ಹಾನಿಯನ್ನು ಹೆಚ್ಚಿಸುತ್ತದೆ. ಸುಣ್ಣದ ಗಾರೆಯು ತೇವ ಹೊರಹೋಗಲು ಅವಕಾಶ ನೀಡುತ್ತದೆ.

ಸಂರಕ್ಷಣೆ

ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬೀದರಿನ ಸ್ಮಾರಕಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಮದರಸವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ 2010ರ ತಿದ್ದುಪಡಿಯ ಮೇರೆಗೆ, ಸಂರಕ್ಷಿತ ಪ್ರದೇಶದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿರ್ಮಾಣವನ್ನು ನಿಷೇಧಿಸಲಾಗಿದ್ದು, ಅದರಾಚೆಯ 200 ಮೀಟರ್ ಪ್ರದೇಶವು ನಿಯಂತ್ರಿತ ವಲಯವಾಗಿದೆ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2 ವರ್ಷಗಳವರೆಗೆ ಕಾರಾಗೃಹವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಲು ಅವಕಾಶವಿದೆ.

ಸಂದರ್ಶಕರ ಗಮನಕ್ಕೆ

ಬಿಲ್ಲೆಗಳನ್ನು ಮುಟ್ಟುವುದು, ಗೋಡೆಗಳ ಮೇಲೆ ಹೆಸರು ಬರೆಯುವುದು ಹಾಗೂ ಕೆಳಗೆ ಬಿದ್ದ ಚೂರುಗಳನ್ನು ಕೊಂಡೊಯ್ಯುವುದು ಸಲ್ಲದು. ಬಿದ್ದ ಚೂರು ಕಂಡುಬಂದಲ್ಲಿ ಅದನ್ನು ಅಲ್ಲಿಯೇ ಬಿಟ್ಟು ಕಾವಲು ಸಿಬ್ಬಂದಿಯ ಗಮನಕ್ಕೆ ತರುವುದು. ನಾಶವಾದ ಭಾಗದ ವಿನ್ಯಾಸ ಹೇಗಿದ್ದಿತೆಂಬುದನ್ನು ಉಳಿದಿರುವ ಬಿಲ್ಲೆಗಳಿಂದಲೇ ತಿಳಿಯಬೇಕಾಗಿರುವುದರಿಂದ ಪ್ರತಿಯೊಂದು ಚೂರೂ ಇತಿಹಾಸದ ದಾಖಲೆಯಾಗಿದೆ. ಐದು ಶತಮಾನಗಳನ್ನು ದಾಟಿ ಬಂದಿರುವ ಈ ವರ್ಣಾಲಂಕಾರವನ್ನು ಮುಂದಿನ ಪೀಳಿಗೆಗೆ ತಲುಪಿಸುವಲ್ಲಿ ಸಾರ್ವಜನಿಕರ ಸಹಕಾರ ಅತ್ಯಗತ್ಯವಾಗಿದೆ.